ನನ್ನ ಮೈಸೂರು ಸೈನ್ಯ ಯಾಕೆ ಯಾವಾಗಲೂ ಸೋಲುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ, ವಯಸ್ಸು 41. ಎರಡು ವರ್ಷದಿಂದ ಮಿನಿಯೇಚರ್ ಸೈನಿಕರ ಹುಚ್ಚು ಹಿಡಿದಿದೆ. 1799ರ ಶ್ರೀರಂಗಪಟ್ಟಣದ ಯುದ್ಧವನ್ನು ಮೇಜಿನ ಮೇಲೆ, ಗೊಂಬೆ ಸೈನ್ಯ ಸರಿಸಿ ದಾಳ ಹಾಕಿ ಆಡಬೇಕು ಅಂತ ಆಸೆ. 1/72 ಅಳತೆಯ ಮೆತ್ತನೆ ಪ್ಲಾಸ್ಟಿಕ್ ಗೊಂಬೆಗಳು ಇನ್ನೂರು ಇವೆ. ಪರಿಚಯದವರೊಬ್ಬರು ಕೊಟ್ಟ ಹಳೇ ಲೋಹದ ಗೊಂಬೆಗಳು ಮೂವತ್ತು ಇವೆ. ಬಂದೂಕಿನ ತುದಿ, ಕತ್ತಿ, ಮೊಣಕೈ ಇಲ್ಲೆಲ್ಲ ಬಣ್ಣ ಸಿಪ್ಪೆ ಎದ್ದ ಹಾಗೆ ಏಳುತ್ತಿದೆ. ಜುಲೈನಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಹೊಡೆದ ಒಂದು ಪಡೆ ಪೂರ್ತಿ ಬೂದಿ ಮೆತ್ತಿದಂತೆ ಬೆಳ್ಳಗಾಯಿತು. ಟಿಪ್ಪುವಿನ ಸಿಪಾಯಿಗಳ ಬಟ್ಟೆಯ ಬಣ್ಣ ಯಾವುದು ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲಕ್ಕಿಂತ ಬೇಜಾರಿನ ವಿಷಯ, ಆರು ಸಲ ಆಡಿದೆವು, ಆರೂ ಸಲ ಮೈಸೂರು ಸೋತಿತು. "ಇತಿಹಾಸದಲ್ಲೂ ಸೋತರಲ್ಲ, ಸರಿಯಾಗೇ ಇದೆ" ಅಂತಾನೆ ಗೆಳೆಯ. "ಆ ಕೆಂಪು ಕೋಟಿನವರಿಗೆ ಇಷ್ಟು ಪ್ರೀತಿಯಿಂದ ಬಣ್ಣ ಹಚ್ಚೋದು ಯಾಕೋ" ಅಂತಾರೆ ಅಪ್ಪ. ಇನ್ನೊಂದು ಭಯ: ಹಳೇ ಗೊಂಬೆಗಳಲ್ಲಿ ಸೀಸ ಇರುತ್ತದಂತೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಏನು ಮಾಡಲಿ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದೆಲ್ಲ ಕಾಯಬಹುದು, ಇದು ಕಾಯುವಂಥದ್ದಲ್ಲ.

ಹಳೇ ಲೋಹದ ಗೊಂಬೆಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಈಗ ಬರುವ ಎಷ್ಟೋ ಗೊಂಬೆಗಳಲ್ಲಿ ತವರದ ಪಾಲು ಹೆಚ್ಚು, ಸೀಸ ಇಲ್ಲ ಅಂತ ಪೊಟ್ಟಣದ ಮೇಲೇ ಬರೆದಿರುತ್ತಾರೆ. ನಿಮ್ಮದು ಪೊಟ್ಟಣವೇ ಇಲ್ಲದ ಗೊಂಬೆಗಳು. ಸೀಸ ಇದೆ ಅಂದುಕೊಂಡೇ ನಡೆಯಿರಿ. ಮುಟ್ಟಿದ ಕೂಡಲೇ ವಿಷ ಏರುತ್ತದೆ ಅನ್ನುವುದು ತಪ್ಪು. ಸುಮ್ನೆ ಆಟದ ಸಾಮಾನು, ಏನೂ ಆಗಲ್ಲ ಅನ್ನುವುದೂ ತಪ್ಪು. ಸೀಸ ಮೈಗೆ ಸೇರುವುದು ಬಾಯಿ ಮತ್ತು ಉಸಿರಿನ ಮೂಲಕ. ಅರ ಹಾಕಿ ಉಜ್ಜುವಾಗ ಏಳುವ ಪುಡಿಯೇ ಮುಖ್ಯ ಅಪಾಯ. ಒದ್ದೆ ಮಾಡಿ ಉಜ್ಜಿ, ಕೆಳಗೆ ಹಳೇ ಪೇಪರ್ ಹಾಸಿ ಮಡಚಿ ಎಸೆಯಿರಿ, ಕೈ ಸೋಪಿನಲ್ಲಿ ತೊಳೆಯಿರಿ. ಕುಂಚದ ಮೊನೆಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನನಗೂ ಇತ್ತು, ಬಿಡಲು ಒಂದು ವರ್ಷ ಹಿಡಿಯಿತು. ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಆ ಮೂವತ್ತು ಗೊಂಬೆಗಳು ಮಗಳ ಕೈಗೆ ಸಿಗದ ಕಡೆ ಇರಲಿ. ಅವಳು ಈಗಾಗಲೇ ಬಾಯಿಗೆ ಹಾಕಿದ್ದಾಳೆ ಅನ್ನುವ ಅನುಮಾನ ಇದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ. ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡುವ ಪರೀಕ್ಷೆ ಇದೆ.

ಅವುಗಳ ಮೇಲೆ ಬಿಳಿ ಪುಡಿ ಕಂಡರೆ ಅದು ಧೂಳಲ್ಲ, ಸೀಸ ಕೊಳೆಯುತ್ತಿರುವ ಗುರುತು. ಮುಚ್ಚಿದ ಮರದ ಕಪಾಟಿನಲ್ಲಿ, ಅದರಲ್ಲೂ ಹೊಸ ಪ್ಲೈವುಡ್ಡಿನಲ್ಲಿ, ಹುಳಿ ಆವಿ ಬಿಡುತ್ತಾ ಇರುತ್ತದೆ. ಅದೇ ಸೀಸವನ್ನು ತಿನ್ನುತ್ತದೆ. ಒಣ ಬ್ರಷ್‌ನಲ್ಲಿ ಆ ಪುಡಿ ಕೆದಕಬೇಡಿ, ಗೊಂಬೆಯನ್ನೇ ಬಿಟ್ಟುಬಿಡಿ. ಚೆನ್ನಾಗಿರುವವಕ್ಕೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ಅಡಿ ಕೋಟು), ಬಣ್ಣ, ವಾರ್ನಿಷ್ ಮೂರೂ ಕೂತ ಮೇಲೆ ಗಾಳಿಯಾಡುವ ಕಪಾಟು ಸಾಕು.

ಈಗ ಬಣ್ಣ ಏಳುವ ವಿಷಯ. ನಿಮ್ಮಂತೆ ಕೇಳುವ ಹತ್ತರಲ್ಲಿ ಒಂಬತ್ತು ಜನ "ಬಣ್ಣ ಕಳಪೆ ಇರಬೇಕು, ಫಾರಿನ್ ಬಣ್ಣ ತರಿಸಲಾ" ಅಂತಾರೆ. ಬೇಡ. ತಪ್ಪು ಬಣ್ಣದ್ದಲ್ಲ, ಕೆಳಗಿನ ಪ್ಲಾಸ್ಟಿಕ್‌ನದ್ದು. 1/72 ಗೊಂಬೆಗಳನ್ನು ಬಹುಪಾಲು ಪಾಲಿಥೀನ್ ಜಾತಿಯ ಮೆತ್ತನೆ ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ಯುತ್ತಾರೆ. ನಮ್ಮ ಬಕೆಟ್ ಮೇಲೆ ಏನೂ ಅಂಟಲ್ಲ ನೋಡಿ, ಅದೇ ಗುಣ. ಜೊತೆಗೆ ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಸವರಿದ ಎಣ್ಣೆಯ ಪಸೆ ಉಳಿದಿರುತ್ತದೆ. ಬಂದೂಕು ಬಾಗುತ್ತದೆ, ಒಣಗಿದ ಬಣ್ಣ ಬಾಗುವುದಿಲ್ಲ. ಸಿಪ್ಪೆ ಏಳದೆ ಇನ್ನೇನಾದೀತು.

ನಾನು ಮಾಡುವುದು ಇಷ್ಟು. ಗೊಂಬೆಗಳನ್ನು ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಯಿಂದ ಕೀಳುವ ಮೊದಲೇ ಉಗುರು ಬೆಚ್ಚಗಿನ ನೀರು, ಪಾತ್ರೆ ಸೋಪು, ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ತೊಳೆಯುತ್ತೇನೆ. ಒಂದು ರಾತ್ರಿ ಒಣಗಬೇಕು. ಆಮೇಲೆ ಬಿಳಿ ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಒಂದು ಕೋಟು. ಅದು ಚರ್ಮದ ಹಾಗೆ ಗೊಂಬೆಯನ್ನು ಸುತ್ತಿಕೊಳ್ಳುತ್ತದೆ, ಬಾಗಿದರೆ ತಾನೂ ಬಾಗುತ್ತದೆ. ಅದರ ಮೇಲೆ ಅಕ್ರಿಲಿಕ್ ಬಣ್ಣ, ಮೇಲೆ ಅಕ್ರಿಲಿಕ್ ವಾರ್ನಿಷ್. ವಾರ್ನಿಷ್ ತಪ್ಪಿಸುವ ಹಾಗಿಲ್ಲ, ಫೆವಿಕಾಲ್ ನೀರು ತಾಗಿದರೆ ಮೆತ್ತಗಾಗುತ್ತದೆ. ಸಿಪ್ಪೆ ಎದ್ದ ಗೊಂಬೆಗಳನ್ನು ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿಟ್ಟು ಉಜ್ಜಿದರೆ ಹಳೇ ಬಣ್ಣ ಬಿಡುತ್ತದೆ. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ. ಪೇಂಟ್ ಅಂಗಡಿಯ ಥಿನ್ನರ್ ಮಾತ್ರ ಬೇಡವೇ ಬೇಡ. ಗಟ್ಟಿ ಪ್ಲಾಸ್ಟಿಕ್‌ನ ಒಂದು ಕುದುರೆ ಅಕಸ್ಮಾತ್ ಅದರಲ್ಲಿ ಸೇರಿಕೊಂಡರೆ ಬೆಳಿಗ್ಗೆ ಹೊತ್ತಿಗೆ ಗಂಜಿ ಆಗಿರುತ್ತದೆ.

ಬೆಳ್ಳಗಾದ ಪಡೆಯದು ಮಳೆಗಾಲದ ಕಾಯಿಲೆ. ಸ್ಪ್ರೇಯಲ್ಲಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಜುಲೈ ಗಾಳಿಯಲ್ಲಿನ ತೇವ ಅಲ್ಲೇ ಕೂತು ವಾರ್ನಿಷ್ ಒಳಗೆ ಸಿಕ್ಕಿಕೊಳ್ಳುತ್ತದೆ. ಡಬ್ಬಿಯನ್ನು ಸರಿಯಾಗಿ ಅಲ್ಲಾಡಿಸದಿದ್ದರೂ, ಒಂದೇ ಸಲ ದಪ್ಪ ಹೊಡೆದರೂ ಹೀಗಾಗುತ್ತದೆ. ಎಸೆಯಬೇಡಿ. ಒಂದು ಗೊಂಬೆಗೆ ಮಾತ್ರ ಹೊಳಪಿನ ವಾರ್ನಿಷನ್ನು ಕುಂಚದಲ್ಲಿ ಹಚ್ಚಿ ನೋಡಿ. ಬಹಳ ಸಲ ಅಡಿಯ ಬಣ್ಣ ಮತ್ತೆ ಎದ್ದು ಬರುತ್ತದೆ. ಬಂದರೆ ಉಳಿದವಕ್ಕೂ ಹಚ್ಚಿ, ಒಣಗಿದ ಮೇಲೆ ಮ್ಯಾಟ್ ವಾರ್ನಿಷನ್ನೂ ಕುಂಚದಲ್ಲೇ ಕೊಡಿ. ಬರದಿದ್ದರೆ ಮೇಲಿನಿಂದ ಹೊಸ ಬಣ್ಣ, ಬೇರೆ ದಾರಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಸ್ಪ್ರೇ ಡಬ್ಬಿ ಮುಟ್ಟುವುದಿಲ್ಲ. ಮಂಗಳೂರಿನ ಒಬ್ಬ ಶಿಷ್ಯ ಅಕ್ಟೋಬರ್ ಮುಗಿಯುವವರೆಗೂ ಮುಟ್ಟಲ್ಲ.

ಬಟ್ಟೆಯ ಬಣ್ಣಕ್ಕೆ ಬರೋಣ. ಮೊದಲು ನಿಮ್ಮ ಪೊಟ್ಟಣಗಳನ್ನು ಒಮ್ಮೆ ನೋಡಿ. "ವಸಾಹತು ಕಾಲದ ಬ್ರಿಟಿಷರು" ಅಂತ ಮಾರುವ ಗೊಂಬೆಗಳಲ್ಲಿ ಬಹಳಷ್ಟು 1879ರ ಜುಲು ಯುದ್ಧದವು. ತಲೆ ಮೇಲೆ ಬೆಂಡಿನ ಹೆಲ್ಮೆಟ್ ಇದ್ದರೆ ಅವರು ಶ್ರೀರಂಗಪಟ್ಟಣಕ್ಕೆ 80 ವರ್ಷ ತಡವಾಗಿ ಬಂದವರು. ಖಾಕಿಯೂ ಅಷ್ಟೇ, ಅದು ಬಂದದ್ದು 1840ರ ದಶಕದಲ್ಲಿ. ಸ್ಕಾಟ್ಲೆಂಡಿನ ಪಡೆ ಅಂದ ಕೂಡಲೇ ಕಿಲ್ಟ್ ತೊಡಿಸುವುದು ಇನ್ನೊಂದು ತಪ್ಪು. ನಮ್ಮ ಬಿಸಿಲಿಗೆ ಅವರು ಕಿಲ್ಟ್ ಬಿಟ್ಟು ಪ್ಯಾಂಟ್ ಹಾಕಿದ್ದರು.

ಈಸ್ಟ್ ಇಂಡಿಯಾ ಕಂಪನಿ ಕಡೆಯ ಕೆಂಪಿನಲ್ಲೂ ಎರಡು ಜಾತಿ. ಸಾಮಾನ್ಯ ಸಿಪಾಯಿಯ ಕೋಟಿನದು ಮ್ಯಾಡರ್ ಬೇರಿನ ಬಣ್ಣ. ಮಂಕು ಕೆಂಪು, ಬಿಸಿಲಿಗೆ ಇನ್ನೂ ಸಪ್ಪೆಯಾಗುತ್ತಿತ್ತು. ನಮ್ಮ ಮಂಗಳೂರು ಹಂಚು ನೆನಪಿಟ್ಟುಕೊಳ್ಳಿ. ಅಧಿಕಾರಿಗಳ ಕೋಟಿಗೆ ಕೊಚಿನೀಲ್ ಹುಳುವಿನ ಬಣ್ಣ, ಅದು ಕುಂಕುಮದ ಹಾಗೆ ಉರಿಯುತ್ತದೆ. ಕಾಲರ್, ಕೈತುದಿಯ ಪಟ್ಟಿಗಳ ಬಣ್ಣ ರೆಜಿಮೆಂಟಿಗೊಂದು: 33ನೆಯದಕ್ಕೆ ಕೆಂಪು, 12ನೆಯದಕ್ಕೆ ಹಳದಿ, 74ನೆಯದಕ್ಕೆ ಬಿಳಿ. ಮದ್ರಾಸ್ ಸಿಪಾಯಿಗೆ ಮೇಲೆ ಕೆಂಪು ಕೋಟು, ಕೆಳಗೆ ತೊಡೆವರೆಗಿನ ಚಡ್ಡಿ, ಬರಿಗಾಲು ಇಲ್ಲವೇ ಚಪ್ಪಲಿ. ಅವನಿಗೆ ಬಿಳಿ ಪ್ಯಾಂಟ್ ಹಾಕಬೇಡಿ.

ಟಿಪ್ಪುವಿನ ಕಾಯಂ ಕಾಲಾಳುಗಳ ಬಗ್ಗೆ ಆ ಕಾಲದ ಇಂಗ್ಲಿಷ್ ಬರಹಗಳು ಹೇಳುವುದು ನೇರಳೆ ಬಣ್ಣದ ಅಂಗಿ, ಅದರ ಮೇಲೆ ಬಿಳಿ ವಜ್ರಾಕಾರದ ಚುಕ್ಕೆ, ಕೆಂಪು ಪೇಟ, ಕೆಂಪು ನಡುಪಟ್ಟಿ. ಹುಲಿ ಪಟ್ಟೆ ಅಂದ ತಕ್ಷಣ ಹಳದಿ ಮೇಲೆ ಕಪ್ಪು ಗೀರು ಎಳೆಯುವವರಿದ್ದಾರೆ. ನಾನೂ ಮೊದಲ ಪಡೆಗೆ ಹಾಗೇ ಎಳೆದಿದ್ದೆ, ಹುಲಿವೇಷದವರು ಸಾಲಾಗಿ ನಿಂತ ಹಾಗಿತ್ತು. ಬದನೆಕಾಯಿ ಬಣ್ಣದಿಂದ ಶುರು ಮಾಡಿ. ಒಂದಿಷ್ಟು ಜನಕ್ಕೆ ಸ್ವಲ್ಪ ಬಿಳಿ ಬೆರೆಸಿ, ಇನ್ನೊಂದಿಷ್ಟು ಜನಕ್ಕೆ ಚೂರು ಕಂದು. ಬಣ್ಣ ಕಟ್ಟುವ ಹಂಡೆ ಪ್ರತಿ ಸಲ ಒಂದೇ ಛಾಯೆ ಕೊಡುವುದಿಲ್ಲವಲ್ಲ. ಚುಕ್ಕೆಗೆ ಕುಂಚ ಬೇಡ, ಹಲ್ಲುಕಡ್ಡಿಯ ಮೊನೆ ಸಾಕು. ಎದೆಗೆ ಮೂರು ಸಾಲು ಇಟ್ಟರೆ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಎಲ್ಲರಿಗೂ ಈ ಅಂಗಿ ಬೇಡ. ಕಂದಾಚಾರದ ಊರ ಸಿಪಾಯಿಗಳು, ಬೇಡರು, ತಮ್ಮದೇ ಕುದುರೆ ತಂದ ಸಿಲೇದಾರರು ಮನೆ ಬಟ್ಟೆಯಲ್ಲೇ ಬಂದವರು. ಬಣ್ಣ ಕಟ್ಟದ ಹತ್ತಿ ಬಟ್ಟೆ, ಹೆಗಲ ಮೇಲೆ ಕಂಬಳಿ, ಒಬ್ಬೊಬ್ಬರದು ಒಂದೊಂದು ಪೇಟ. ಇವರನ್ನು ಮಾಡುವುದೇ ನನಗೆ ಹೆಚ್ಚು ಖುಷಿ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆ ಚಿತ್ರ ನೋಡಿಕೊಂಡು ಬಣ್ಣ ಆರಿಸಬಹುದಾ ಅಂತ ಎಷ್ಟೋ ಜನ ಕೇಳುತ್ತಾರೆ. ಪಡುವಣ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧವನ್ನು ಖಂಡಿತ ಹೋಗಿ ನೋಡಿ. ಪಲ್ಲಕ್ಕಿಯಲ್ಲಿ ಕೂತ ಕಂಪನಿ ಸೇನಾಧಿಕಾರಿ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಆನೆ, ಕುದುರೆ ಎಲ್ಲ ಇದೆ. ಸೈನ್ಯ ಹೇಗೆ ಕೂಡಿ ನಿಲ್ಲುತ್ತಿತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಬಣ್ಣಕ್ಕೆ ಅದು ಪೂರ್ತಿ ಸಾಕ್ಷಿಯಲ್ಲ. 1799ರ ಮುತ್ತಿಗೆಗೆ ಮುಂಚೆ ಅದಕ್ಕೆ ಸುಣ್ಣ ಹೊಡೆದಿದ್ದರು. ಆಮೇಲೆ ಅಲ್ಲೇ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಮತ್ತೆ ಬರೆಸಿದ. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೊಮ್ಮೆ ಬರೆಸಿದ.

ಇನ್ನು ನಿಮ್ಮ ನಿಜವಾದ ಬೇಜಾರು.

ಆರಕ್ಕೆ ಆರೂ ಸಲ ಸೋತರೆ ಅದು ದಾಳದ ದುರದೃಷ್ಟವಲ್ಲ. ನೀವು ಬಳಸುವ ರೂಲ್ ಬುಕ್ ನನಗೆ ಗೊತ್ತಿಲ್ಲ, ಆದರೆ ಊಹಿಸಬಲ್ಲೆ. ವಸಾಹತು ಯುದ್ಧಕ್ಕೆ ಅಂತ ಬರೆದ ಎಷ್ಟೋ ನಿಯಮಗಳಲ್ಲಿ ಒಂದು ಕಡೆ ಕಡಿಮೆ ಜನ, ಒಳ್ಳೇ ಬಂದೂಕು, ಕಟ್ಟು ಶಿಸ್ತು. ಇನ್ನೊಂದು ಕಡೆ ಭರ್ಜಿ ಹಿಡಿದ ಗುಂಪು. ಆಫ್ರಿಕಾದ ಕೆಲವು ಯುದ್ಧಗಳಿಗೆ ಅದು ಹೊಂದಬಹುದು. 18ನೇ ಶತಮಾನದ ಮೈಸೂರಿಗೆ ಹೊಂದುವುದಿಲ್ಲ. ಇಲ್ಲಿ ಕುಶೂನ್ (ಟಿಪ್ಪುವಿನ ಸೈನ್ಯದ ದಳ) ಲೆಕ್ಕದಲ್ಲಿ ಕವಾಯತು ಮಾಡಿದ ಕಾಲಾಳುಗಳಿದ್ದರು. ಅವರ ಕೈಯಲ್ಲಿ ಎದುರಾಳಿಯ ಕೈಯಲ್ಲಿದ್ದಂಥದೇ ಚಕಮಕಿ ಬಂದೂಕು, ಅದಕ್ಕೆ ಬಯನೆಟ್ಟು. ಶ್ರೀರಂಗಪಟ್ಟಣ ಬಿದ್ದಾಗ ಸಿಕ್ಕ ಫಿರಂಗಿಗಳೇ 900ಕ್ಕೂ ಹೆಚ್ಚು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬೇಯ್ಲಿಯ ಇಡೀ ಪಡೆಯನ್ನು ಮುಗಿಸಿದ್ದು ಇದೇ ಸೈನ್ಯ. ಆವತ್ತು ಸೆರೆ ಸಿಕ್ಕ ಬ್ರಿಟಿಷ್ ಅಧಿಕಾರಿ ಡೇವಿಡ್ ಬೇರ್ಡ್ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದ. 1799ರ ಮೇ 4ರ ಮಧ್ಯಾಹ್ನ ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದವನೂ ಅವನೇ.

ಹಾಗಾದರೆ ಮೈಸೂರು ಕಾಲಾಳಿಗೆ ಕಂಪನಿ ಸಿಪಾಯಿಯಷ್ಟೇ ಅಂಕ ಕೊಟ್ಟರೆ ಮುಗಿಯಿತಾ? ಇಲ್ಲ. ಆಗ ಸೋಲು ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ಸಮಸ್ಯೆ ಅಂಕಕ್ಕಿಂತ ಆಳದಲ್ಲಿದೆ. ಎರಡು ಸಾಲು ಎದುರುಬದುರು ನಿಂತು ಗುಂಡು ಹಾರಿಸುವ ಒಂದು ಗಂಟೆಯನ್ನು ಮಾತ್ರ ನೀವು ಆಡುತ್ತಿದ್ದೀರಿ. ಮೈಸೂರಿನ ಯುದ್ಧಗಳು ಆ ಗಂಟೆಯಲ್ಲಿ ತೀರ್ಮಾನವಾಗುತ್ತಿರಲಿಲ್ಲ. ಎತ್ತು, ಹುಲ್ಲು, ಮಳೆ ತೀರ್ಮಾನಿಸುತ್ತಿದ್ದವು.

1791ರ ಮೇ 15 ತೆಗೆದುಕೊಳ್ಳಿ. ಅರಕೆರೆ ಹತ್ತಿರ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಯುದ್ಧ ಗೆದ್ದ. ನಿಮ್ಮ ಮೇಜಿನ ಮೇಲೆ ಆಟ ಅಲ್ಲಿಗೆ ಮುಗಿದು, ಗೆಳೆಯ ಚಹಾ ಕೇಳುತ್ತಿದ್ದ. ನಿಜದಲ್ಲಿ ಏನಾಯಿತು? ಎತ್ತುಗಳು ಮೇವಿಲ್ಲದೆ ಸತ್ತು ಬಿದ್ದವು. ಮಳೆ ಹಿಡಿಯಿತು, ಸೈನ್ಯಕ್ಕೆ ಅಕ್ಕಿ ಇರಲಿಲ್ಲ. ಟಿಪ್ಪುವಿನ ಕುದುರೆ ಸವಾರರು ಸುತ್ತಲಿನ ದಾರಿಗಳನ್ನು ಕತ್ತರಿಸಿದ್ದರು. ಅಷ್ಟು ದೂರ ಎಳೆದು ತಂದ ದೊಡ್ಡ ಫಿರಂಗಿಗಳನ್ನು ಕಾರ್ನ್‌ವಾಲಿಸ್ ತಾನೇ ಒಡೆಸಿ ಹಿಂದೆ ತಿರುಗಿದ. ಕಣ್ಣೆದುರು ಶ್ರೀರಂಗಪಟ್ಟಣ ಕಾಣುತ್ತಿತ್ತು!

ಅದಕ್ಕೇ ನನ್ನ ಮೇಜಿನ ಮೇಲೆ ಎತ್ತುಗಳಿಗೂ ಬೇಸ್ (ಗೊಂಬೆ ನಿಲ್ಲಿಸುವ ಅಡಿಹಲಗೆ) ಇದೆ. ಕಂಪನಿ ಆಟಗಾರನಿಗೆ ಹನ್ನೆರಡು ಜೋಡಿ ಕೊಡುತ್ತೇನೆ. ಪ್ರತಿ ಸುತ್ತಿನ ಕೊನೆಗೆ ದಾಳ ಹಾಕಬೇಕು, ಒಂದು ಅಥವಾ ಎರಡು ಬಿದ್ದರೆ ಒಂದು ಜೋಡಿ ಹೋಯಿತು. ಮೈಸೂರು ಸವಾರರು ಸಾಮಾನಿನ ಬಂಡಿಗಳಿಂದ ಒಂದು ಅಡಿ ಒಳಗೆ ಬಂದಿದ್ದರೆ ಮೂರು ಬಿದ್ದರೂ ಹೋಯಿತು. ನಾಲ್ಕು ಜೋಡಿಗಿಂತ ಕಡಿಮೆಯಾದರೆ ದೊಡ್ಡ ಫಿರಂಗಿ ಅಲುಗುವುದಿಲ್ಲ. ಹದಿನೈದನೇ ಸುತ್ತಿಗೆ ಮಳೆ. ಅಷ್ಟರಲ್ಲಿ ಕೋಟೆ ಗೋಡೆ ಬೀಳದಿದ್ದರೆ ಗೆಲುವು ಮೈಸೂರಿನದು, ಎಷ್ಟೇ ಗೊಂಬೆ ಬಿದ್ದಿರಲಿ. ಇಷ್ಟು ಮಾಡಿದ ಕೂಡಲೇ ಆಟದ ಮುಖವೇ ಬದಲಾಗುತ್ತದೆ. ಕುದುರೆಗಳನ್ನು ಬಂದೂಕಿನ ಸಾಲಿಗೆ ನುಗ್ಗಿಸಿ ಸಾಯಿಸುವುದನ್ನು ಮೈಸೂರು ಆಟಗಾರ ಬಿಡುತ್ತಾನೆ. ಕಂಪನಿ ಆಟಗಾರ ಲಂಬಾಣಿಗರ ಧಾನ್ಯದ ಎತ್ತುಗಳು ಎಲ್ಲಿವೆ ಅಂತ ಹುಡುಕಲು ಶುರು ಮಾಡುತ್ತಾನೆ, ಇತಿಹಾಸದಲ್ಲಿ ಮಾಡಿದ ಹಾಗೇ. ಎತ್ತಿನ ಗೊಂಬೆ ಸಿಗದಿದ್ದರೆ ಎಂ-ಸೀಲ್‌ನಲ್ಲಿ ಮಾಡಿಕೊಳ್ಳಿ. ಅಮೃತಮಹಲ್ ಎತ್ತು, ಬೂದು ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು. ಇದರ ತೊಂದರೆಯನ್ನೂ ಹೇಳಬೇಕು: ಲೆಕ್ಕ ಜಾಸ್ತಿ, ಆಟ ಎರಡು ಗಂಟೆ ಉದ್ದವಾಗುತ್ತದೆ. ಬೇಗ ಮುಗಿಸುವ ಅವಸರದ ಗೆಳೆಯರಿಗೆ ಇದು ಹಿಡಿಸುವುದಿಲ್ಲ.

ರಾಕೆಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಆಡುವವರೆಲ್ಲ ಅಲ್ಲೇ ಎಡವುತ್ತಾರೆ. ಒಬ್ಬರು ಅದನ್ನು ಇವತ್ತಿನ ಕ್ಷಿಪಣಿ ಮಾಡುತ್ತಾರೆ, ಇನ್ನೊಬ್ಬರು ದೀಪಾವಳಿ ಪಟಾಕಿ ಮಾಡುತ್ತಾರೆ. ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಹಾಳು ಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವಲ್ಲ, ಅವು ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕಬ್ಬಿಣದ ಕೊಳವೆಗಳು. ಕೊಳವೆ ಕಬ್ಬಿಣದ್ದಾದ್ದರಿಂದ ಒಳಗಿನ ಒತ್ತಡ ತಡೆಯುತ್ತಿತ್ತು, ದೂರ ಹೋಗುತ್ತಿತ್ತು. ಗುರಿ ಮಾತ್ರ ಭಗವಂತನಿಗೆ ಬಿಟ್ಟದ್ದು. ಹಾಗಾಗಿ ಸಾಯುವ ಗೊಂಬೆಗಳ ಲೆಕ್ಕ ಕಡಿಮೆ ಇಡಿ, ಬೆದರುವ ಲೆಕ್ಕ ಜಾಸ್ತಿ ಇಡಿ. ಕುದುರೆ, ಎತ್ತು, ಮದ್ದಿನ ಬಂಡಿಗಳ ಹತ್ತಿರ ಬಿದ್ದರೆ ದುಪ್ಪಟ್ಟು.

1799ರ ಕೊನೆಯ ದಿನವನ್ನೇ ಆಡಬೇಕು ಅಂದರೂ ಆಡಬಹುದು. ನುಗ್ಗಿದ ಪಡೆ ಸುಮಾರು 4,400 ಜನ. ಒಂದು ಗೊಂಬೆಗೆ 50 ಜನ ಅಂತ ಹಿಡಿದರೆ 88 ಗೊಂಬೆ, ನಿಮ್ಮಲ್ಲೇ ಇದೆ. ಆದರೆ ನನ್ನ ಅಭಿಪ್ರಾಯ ಕೇಳಿದರೆ ಅದು ಒಳ್ಳೇ ಆಟವಲ್ಲ. ಗೋಡೆ ಒಡೆದಾಗಿದೆ, ಬೇಸಿಗೆಯ ಕಾವೇರಿಯಲ್ಲಿ ನೀರು ಕಡಿಮೆ, ಮೈಸೂರು ಆಟಗಾರನಿಗೆ ಯೋಚಿಸಲು ಏನೂ ಉಳಿದಿಲ್ಲ. ಅದಾದ ಮೇಲೆ ಊರಿನಲ್ಲಿ ನಡೆದ ಲೂಟಿಯನ್ನು ದಾಳ ಹಾಕಿ ಆಡಲು ನನಗೆ ಮನಸ್ಸಿಲ್ಲ. ನಾನು ಆಡಿಸುವಾಗ ಆಟ ಗೋಡೆಯ ಬಿರುಕಿನಲ್ಲೇ ನಿಲ್ಲುತ್ತದೆ.

ನಿಮ್ಮ ಅಪ್ಪನ ಮಾತು ಕೇಳಿ ನಗು ಬಂತು, ನನ್ನ ತಾಯಿಯೂ ಹೀಗೇ ಕೇಳಿದ್ದರು. ಆಮೇಲೆ ಆ ಸಿಪಾಯಿಗಳನ್ನು ದಸರಾ ಗೊಂಬೆ ಸಾಲಿನಲ್ಲಿ, ಬ್ಯಾಂಡ್ ಸೆಟ್ ಪಕ್ಕ, ಅವರೇ ಜೋಡಿಸಿದರು. ಅಪ್ಪನ ಜೊತೆ ವಾದಕ್ಕಿಳಿಯಬೇಡಿ. ಕೆಂಪು ಕೋಟಿನ ಒಂದು ಪಡೆಯನ್ನು ಅವರ ಮುಂದಿಟ್ಟು, ಇದರಲ್ಲಿ ತಮಿಳು, ತೆಲುಗು ಮಾತಾಡುವವರೇ ಹೆಚ್ಚು ಅಂತ ಹೇಳಿ. ಪಕ್ಕದಲ್ಲಿ ನಿಜಾಮನ ಸೈನ್ಯ ಇಡಿ. 1792ರ ಆಟವಾದರೆ ಮರಾಠರನ್ನೂ ಇಡಿ. ಬಿಳಿಯರ ಮುಖಕ್ಕೊಂದು, ನಮ್ಮವರ ಮುಖಕ್ಕೊಂದು ಅಂತ ಎರಡೇ ಡಬ್ಬಿ ಬಣ್ಣದಲ್ಲಿ ಈ ಯುದ್ಧ ಮುಗಿಯುವುದಿಲ್ಲ. ಮುಖಗಳಿಗೆ ಕನಿಷ್ಠ ನಾಲ್ಕು ಛಾಯೆ ಕಲೆಸಿಕೊಳ್ಳಿ. ಫೋಟೋ ಹಾಕುವಾಗ ಟಿಪ್ಪು ಹೆಸರಿಗೇ ಜಗಳ ಶುರುವಾಗಬಹುದು. ಊರು, ತಾರೀಖು, ಪಡೆಯ ಹೆಸರು ಬರೆದು ಸುಮ್ಮನಿರುವುದು ನನ್ನ ಪದ್ಧತಿ.

ಮುಂದಿನ ಭಾನುವಾರಕ್ಕೆ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನಪೇಟೆ ತೋಪಿನ ಕಾಳಗ ಆಡಿ. 1799ರ ಏಪ್ರಿಲ್ 5ರ ರಾತ್ರಿ ವೆಲ್ಲೆಸ್ಲಿ 33ನೇ ರೆಜಿಮೆಂಟಿನ ಜೊತೆ ಕತ್ತಲಲ್ಲಿ ಆ ತೋಪಿಗೆ ನುಗ್ಗಿ ದಾರಿ ತಪ್ಪಿದ. ಕಾಲುವೆ, ಕೆಸರು, ಮರ, ಎಲ್ಲ ಕಡೆಯಿಂದ ರಾಕೆಟ್ ಮತ್ತು ಗುಂಡು. ವೆಲ್ಲೆಸ್ಲಿಯ ಮಂಡಿಗೆ ಪೆಟ್ಟು ಬಿತ್ತು, ಅವನ ಕಡೆಯ ಹನ್ನೆರಡು ಜನ ಸೆರೆಯಾದರು, ಉಳಿದವರು ಹಿಂದೆ ಸರಿದರು. ಮರುದಿನ ಬೆಳಕಿನಲ್ಲಿ ಬಂದು ಅದನ್ನು ಗೆದ್ದ, ಆದರೆ ರಾತ್ರಿ ಮೈಸೂರಿನದು. ಒಂದೊಂದು ಕಡೆಗೆ ಮೂವತ್ತು ಗೊಂಬೆ ಸಾಕು, ಸಿಪ್ಪೆ ಎದ್ದವುಗಳೂ ಕತ್ತಲಲ್ಲಿ ಕಾಣುವುದಿಲ್ಲ. ಗೊಂಬೆಗಳ ಬದಲು ನಂಬರ್ ಹಾಕಿದ ಚೀಟಿಗಳನ್ನು ಮಗುಚಿಟ್ಟು ಸರಿಸಿ, ಅರ್ಧ ಅಡಿ ಹತ್ತಿರ ಬಂದಾಗ ಮಾತ್ರ ತಿರುಗಿಸಿ. ಕಂಪನಿ ಪಡೆ ಹೆಜ್ಜೆ ಇಡುವ ಮುನ್ನ ದಿಕ್ಕಿಗೆ ಒಂದು ದಾಳ. ಕಾಲುವೆ ಏರಿಗೆ ಥರ್ಮಾಕೋಲ್ ಕತ್ತರಿಸಿ, ಮೇಲೆ ಫೆವಿಕಾಲ್ ಸವರಿ ಜರಡಿ ಹಿಡಿದ ಮಣ್ಣು ಉದುರಿಸಿ. ಥರ್ಮಾಕೋಲಿಗೂ ಸ್ಪ್ರೇ ಬಣ್ಣ ಹೊಡೆಯಬೇಡಿ, ಕರಗಿ ಹೋಗುತ್ತದೆ.